ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಐಎಸ್‌ಒ 9001 ತಗೋಬೇಕಾ, ತಯಾರಿ ಹಿಂಗೆ ಮಾಡ್ಕೊಳ್ಳಿ

ಚಿಕ್ಕಮಗಳೂರಲ್ಲಿ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದ್ರೆ ತೋಟದಿಂದ ಬಂದ ಒಣ ಕಾಫಿ ಸಿಪ್ಪೆ ಬಿಡಿಸಿ ವಿಂಗಡಿಸೋ ಕಡೆ, ಕ್ವಾಲಿಟಿ ನೋಡ್ಕೊಳ್ತೀನಿ. ಹಾಸನ, ಸಕಲೇಶಪುರ ಕಡೆಯಿಂದ ಗೊತ್ತಿರೋರು ಫೋನ್ ಮಾಡಿ ಎಕ್ಸ್‌ಪೋರ್ಟ್ ಪಾರ್ಟಿ ಐಎಸ್‌ಒ 9001 (ಕ್ವಾಲಿಟಿ ಹೆಂಗೆ ನೋಡ್ಕೋಬೇಕು ಅನ್ನೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್) ಸರ್ಟಿಫಿಕೇಟ್ ಕೇಳ್ತಿದಾರೆ, ಎಲ್ಲಿಂದ ಶುರು ಮಾಡೋದು ಅಂತಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದೀನಿ.

ಮೊದಲನೇ ಮಾತು, ಐಎಸ್‌ಒ ದಾಖಲೆಗಳ ರೆಡಿಮೇಡ್ ಫೈಲ್ ತಗೋಬೇಡಿ. ಬೇರೆ ಯಾವ್ದೋ ಫ್ಯಾಕ್ಟರಿದು ಹೆಸ್ರು ಬದಲಾಯಿಸಿ ಕೊಡ್ತಾರೆ, ಅದ್ರಲ್ಲಿ ಹಲ್ಲರ್ (ಸಿಪ್ಪೆ ಬಿಡಿಸೋ ಮಿಷಿನ್) ಮಾತೂ ಇರಲ್ಲ, ಗಾರ್ಬ್ಲಿಂಗ್ (ಕೆಟ್ಟ ಬೀಜ ಕೈಲಿ ಆರಿಸೋದು) ಮಾತೂ ಇರಲ್ಲ. ಸ್ಟ್ಯಾಂಡರ್ಡ್‌ನ 2015ರ ವರ್ಷನ್‌ನಲ್ಲಿ ಕ್ವಾಲಿಟಿ ಮ್ಯಾನುಯಲ್ ಇರ್ಲೇಬೇಕು ಅಂತ ಇಲ್ಲ, ಅದು 2008ರ ವರ್ಷನ್‌ನಲ್ಲಿತ್ತು. ನಿಮ್ಮಲ್ಲಿ ಕೆಲ್ಸ ಹೆಂಗೆ ನಡ್ಯುತ್ತೋ ಹಂಗೆ ಬರ್ಕೊಳ್ಳಿ ಸಾಕು. ಲಾರಿ ಬಂತು, ವೇಬ್ರಿಡ್ಜ್ ಆಯ್ತು, ಸ್ಯಾಂಪಲ್ ತೆಗೆದ್ರು, ತೇವಾಂಶ ನೋಡಿದ್ರು, ಲಾಟ್ ನಂಬರ್ ಹಾಕಿ ಗೋಡೌನ್‌ಗೆ ಇಳಿಸಿದ್ರು, ಅಲ್ಲಿಂದ ಹಲ್ಲಿಂಗ್, ಗ್ರೇಡಿಂಗ್, ಕಲರ್ ಸಾರ್ಟರ್, ಗಾರ್ಬ್ಲಿಂಗ್, ಕೊನೇಗೆ ಚೀಲ ತುಂಬೋದು. ಇದನ್ನ ಆಫೀಸಲ್ಲಿ ಕೂತು ಬರೀಬೇಡಿ, ಮೇಸ್ತ್ರಿ ಜೊತೆ ನಡ್ಕೊಂಡು ಹೋಗಿ ಬರೀರಿ, ಯಾಕಂದ್ರೆ ಆಡಿಟರ್ ಬಂದಾಗ ಪ್ರಶ್ನೆ ಕೇಳೋದು ಅವ್ರನ್ನೇ.

ಲಾಟ್ ಕಾರ್ಡ್ (ಯಾವ ಮಾಲು ಯಾರದು ಅಂತ ಬರೆಯೋ ಕಾರ್ಡ್) ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ. ಪ್ಲಾಂಟರ್ ತಂದಿಳಿಸಿರೋ ಕಾಫಿ ನಮ್ದಲ್ಲ, ಅವ್ರ ವರ್ಷದ ದುಡಿಮೆ ಅದು, ನಮ್ಮ ಕೈಲಿ ಇಟ್ಟಿದಾರೆ ಅಷ್ಟೇ. ಸ್ಟ್ಯಾಂಡರ್ಡ್‌ನಲ್ಲಿ ಇದಕ್ಕೇ ಅಂತ 8.5.3ನೇ ಕಲಂ ಇದೆ, ಗ್ರಾಹಕರ ಸ್ವತ್ತು ನಮ್ಮ ಹತ್ರ ಇರೋವಾಗ ಜೋಪಾನ ಮಾಡ್ಬೇಕು, ಹಾಳಾದ್ರೆ ಅವ್ರಿಗೆ ಹೇಳಿ ರೆಕಾರ್ಡ್ ಇಡ್ಬೇಕು ಅಂತ. 8.5.2ರಲ್ಲಿ ಯಾವ ಚೀಲ ಯಾವ ಲಾಟ್‌ದು ಅಂತ ಗುರುತು. ಆಡಿಟ್‌ಗೆ ಮುಂಚೆ ನೀವೇ ಟೆಸ್ಟ್ ಮಾಡಿ ನೋಡಿ: ಕಳಿಸೋಕೆ ರೆಡಿ ಇರೋ ಒಂದು ಪ್ಲಾಂಟೇಷನ್ ಎ ಗ್ರೇಡ್ ಚೀಲ ಹಿಡ್ಕೊಂಡು ಹಿಂದಕ್ಕೆ ಹೋಗಿ, ಗ್ರೇಡಿಂಗ್ ರಿಜಿಸ್ಟರ್, ಹಲ್ಲಿಂಗ್ ತಾರೀಕು, ಸ್ಟ್ಯಾಕ್ ಕಾರ್ಡ್, ಇನ್‌ವರ್ಡ್ ಸ್ಲಿಪ್, ತೋಟದ ಹೆಸ್ರು ತನಕ. ಎಲ್ಲಿ ಕೊಂಡಿ ತಪ್ಪುತ್ತೋ ಅಲ್ಲಿ ಕೆಲ್ಸ ಬಾಕಿ ಇದೆ ಅಂತ ಅರ್ಥ. ಒಂದು ವರ್ಕ್ಸ್‌ನಲ್ಲಿ ಗ್ರೇಡರ್ ಹತ್ರ ಬಂದು ತಪ್ಪಿತು, ಎರಡು ಲಾಟ್ ನಡುವೆ ಮಿಷಿನ್ ಖಾಲಿ ಮಾಡಿದ್ದನ್ನ ಯಾರೂ ಎಲ್ಲೂ ಬರ್ದಿರ್ಲಿಲ್ಲ. ಬಳಪದಲ್ಲಿ ಚೀಲದ ಮೇಲೆ ಬರ್ದಿದ್ದ ನಂಬರ್ ಅರ್ಧ ಅಳಿಸಿಹೋಗಿತ್ತು. ಒಂದು ಕಾಲಂ ಸೇರಿಸಿ ತಗಡಿನ ಟ್ಯಾಗ್ ಕಟ್ಟಿದ್ಮೇಲೆ ಸರಿಯಾಯ್ತು.

ಆಮೇಲೆ ಮಾಯಿಶ್ಚರ್ ಮೀಟರ್. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) 10 ಪರ್ಸೆಂಟ್, ರೋಬಸ್ಟಾ ಚೆರ್ರಿ (ಹಣ್ಣನ್ನ ಹಂಗೇ ಒಣಗಿಸಿದ್ದು) 11 ಪರ್ಸೆಂಟ್ ತೇವಾಂಶಕ್ಕೆ ಒಣಗಿರ್ಬೇಕು ಅನ್ನೋದು ನಮಗೆಲ್ಲಾ ಬಾಯಿಪಾಠ, ಆದ್ರೆ ಮೀಟರ್ ಸರಿ ಹೇಳ್ತಿದ್ಯಾ ಅಂತ ಯಾರು ನೋಡ್ತಾರೆ? ಹಿಂದೆ ಒಂದ್ಕಡೆ ನಾನಿದ್ದಾಗ ಮೀಟರ್ ಕಮ್ಮಿ ತೋರಿಸ್ತಿತ್ತು, ಹಸಿ ಮಾಲು ಗೋಡೌನ್‌ಗೆ ಹೋಗಿ ಮಳೆಗಾಲದಲ್ಲಿ ಬೀಜ ಬಿಳಿಚಿಕೊಂಡು ಮುಗ್ಗಲು ವಾಸನೆ ಬಂತು, ಆ ಪ್ಲಾಂಟರ್ ಮುಖ ನೋಡೋಕಾಗಿರ್ಲಿಲ್ಲ. ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಮಾಡ್ಸಿ ಸರ್ಟಿಫಿಕೇಟ್ ಇಡಿ, ನಡುವೆ 105 ಡಿಗ್ರಿ ಓವನ್‌ನಲ್ಲಿ ಒಣಗಿಸಿದ ಸ್ಯಾಂಪಲ್ ಜೊತೆ ತಾಳೆ ನೋಡಿ. ತಕ್ಕಡಿಗೆ ಮುದ್ರೆ ಹಾಕ್ಸಿದೀವಲ್ಲ ಅಂತ ಸುಮ್ನಿರ್ಬೇಡಿ, ಗ್ರೇಡಿಂಗ್ ಜರಡಿ ತೂತು ಸವೆದಿದ್ಯಾ ಅಂತಾನೂ ನೋಡ್ಬೇಕು.

ಟೈಮ್ ಲೆಕ್ಕ ಹಾಕೋದ್ರಲ್ಲಿ ತುಂಬ ಜನ ಎಡವ್ತಾರೆ. ಆಡಿಟ್ ಎರಡು ಹಂತ, ಸ್ಟೇಜ್ 1ರಲ್ಲಿ ನೀವು ರೆಡಿ ಇದ್ದೀರಾ ಅಂತ ನೋಡ್ತಾರೆ, ಸ್ಟೇಜ್ 2ರಲ್ಲಿ ಕೆಲ್ಸ ನಡೀತಿರೋದನ್ನೇ ನೋಡ್ಬೇಕು. ಮಿಷಿನ್ ನಿಂತಿರೋ ಕಾಲದಲ್ಲಿ ಕರೆದ್ರೆ ಏನು ತೋರಿಸ್ತೀರಾ? ಮಳೆಗಾಲದಲ್ಲಿ ಬರವಣಿಗೆ, ಟ್ರೈನಿಂಗ್ ಮುಗಿಸಿ, ಕೊಯ್ಲು ಶುರುವಾದ ಮೇಲೆ ಎರಡು ಮೂರು ತಿಂಗಳ ರೆಕಾರ್ಡ್ ಕೂಡಿಸಿ, ಸೀಸನ್ ಇರೋವಾಗ್ಲೇ ಸ್ಟೇಜ್ 2 ಇಡಿ. ಅದಕ್ಕೂ ಮುಂಚೆ ಒಂದು ಇಂಟರ್ನಲ್ ಆಡಿಟ್, ಒಂದು ಮ್ಯಾನೇಜ್‌ಮೆಂಟ್ ರಿವ್ಯೂ ಆಗಿರ್ಲೇಬೇಕು. ಅವ್ರವ್ರ ಸೆಕ್ಷನ್ ಅವ್ರೇ ಆಡಿಟ್ ಮಾಡೋ ಹಾಗಿಲ್ಲ, ಗೋಡೌನ್‌ನೋರು ಗ್ರೇಡಿಂಗ್ ನೋಡ್ಲಿ, ಗ್ರೇಡಿಂಗ್‌ನೋರು ಗೋಡೌನ್ ನೋಡ್ಲಿ. ರಿವ್ಯೂನಲ್ಲಿ ಮಾಲೀಕರು ಖುದ್ದು ಕೂರ್ಬೇಕು, ಸಹಿ ಹಾಕಿ ಎದ್ದೋಗೋದಲ್ಲ. 2024ರ ತಿದ್ದುಪಡಿ ಪ್ರಕಾರ ಹವಾಮಾನ ಬದಲಾವಣೆ ನಿಮಗೆ ಸಂಬಂಧ ಪಡುತ್ತಾ ಅಂತಾನೂ ಯೋಚಿಸಿರ್ಬೇಕು, ಕಣದಲ್ಲಿ ಕಾಫಿ ಹರಡಿರೋವಾಗ ಮಳೆ ಬರೋದನ್ನ ನೋಡಿರೋ ನಮಗೆ ಇದನ್ನ ಹೇಳ್ಕೊಡ್ಬೇಕಿಲ್ಲ, ರಿಸ್ಕ್ ಪಟ್ಟಿಯಲ್ಲಿ ಸೇರಿಸಿ.

ಸರ್ಟಿಫಿಕೇಟ್ ಕೊಡೋದು ಐಎಸ್‌ಒ ಅಲ್ಲ, ಸರ್ಟಿಫಿಕೇಷನ್ ಬಾಡಿಗಳು. ಎನ್‌ಎಬಿಸಿಬಿ (ಇಂಥ ಬಾಡಿಗಳಿಗೆ ಮಾನ್ಯತೆ ಕೊಡೋ ನಮ್ಮ ದೇಶದ ಮಂಡಳಿ) ಮಾನ್ಯತೆ ಇದ್ಯಾ, ನಿಮ್ಮ ಕೆಲ್ಸದ ಸ್ಕೋಪ್‌ಗೂ ಇದ್ಯಾ ಅಂತ ನೋಡಿ ಆಮೇಲೆ ದುಡ್ಡು ಕೊಡಿ. ಕನ್ಸಲ್ಟಿಂಗೂ ನಾವೇ, ಸರ್ಟಿಫಿಕೇಟೂ ನಾವೇ ಅನ್ನೋರ ಹತ್ರ ಹೋಗ್ಲೇಬೇಡಿ.

ಆಡಿಟ್‌ನಲ್ಲಿ ತಪ್ಪು ಸಿಕ್ರೆ ಹೆದರ್ಬೇಡಿ. ಮೇಜರ್ ಆದ್ರೆ ಸರಿಪಡಿಸಿ ತೋರಿಸೋ ತನಕ ಸರ್ಟಿಫಿಕೇಟ್ ಬರಲ್ಲ, ಮೈನರ್‌ಗೆ ಏನು ಮಾಡ್ತೀವಿ ಅಂತ ಪ್ಲಾನ್ ಕೊಡ್ಬೇಕು. ಕೆಲಸದೋರಿಗೆ ಬುದ್ಧಿ ಹೇಳಿದೀವಿ ಅಂತ ಬರೆದ್ರೆ ಒಪ್ಪಲ್ಲ, ಯಾಕಾಯ್ತು ಅಂತ ಬುಡ ಹುಡುಕಿ ಬರೀರಿ. ಸರ್ಟಿಫಿಕೇಟ್ 3 ವರ್ಷಕ್ಕೆ, ಪ್ರತಿ ವರ್ಷ ಸರ್ವೇಲೆನ್ಸ್ ಆಡಿಟ್ (ನಡುವೆ ಬಂದು ನೋಡೋ ತಪಾಸಣೆ) ಇರತ್ತೆ, ಅದನ್ನೂ ಹಲ್ಲರ್ ಓಡ್ತಿರೋ ತಿಂಗಳಿಗೇ ಬರೋ ಹಂಗೆ ಮೊದಲೇ ಮಾತಾಡ್ಕೊಳ್ಳಿ.