ಯಾವ ಮೀನಿನ ಜೊತೆ ಯಾವ ಮೀನು? ಉಪ್ಪುನೀರಿನ ತೊಟ್ಟಿಗೆ ಜಗಳಗಂಟರ ಆಯ್ಕೆ

ಬೆಂಗಳೂರಿನ ಶಿವಾಜಿನಗರದ ಅಂಗಡಿಯಲ್ಲಿ ಬೇಟೆಗಾರ ಮೀನಾದ ಲಯನ್‌ಫಿಶ್ ಪಕ್ಕದಲ್ಲೇ ಪುಟಾಣಿ ಡ್ಯಾಮ್ಸೆಲ್ ಮೀನು ಈಜುತ್ತಿದ್ದರೆ ಎರಡಕ್ಕೂ ಹೊಂದಿಕೆಯಾಗುತ್ತದೆ ಎಂದುಕೊಳ್ಳಬೇಡಿ. ಪ್ರಯಾಣದಲ್ಲಿ ದಣಿದು ಬಂದ ಮೀನಿಗೆ ಜಗಳಕ್ಕೆ ತ್ರಾಣವಿರುವುದಿಲ್ಲ. ಮನೆ ತೊಟ್ಟಿಯಲ್ಲಿ ಹೊಟ್ಟೆ ತುಂಬಿ, ಒಂದು ಮೂಲೆ ತನ್ನದಾದ ಮೇಲೆ ಅದರ ನಿಜಗುಣ ಕಾಣುತ್ತದೆ.

ಮೊದಲು ನೀರು

4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಲೆಕ್ಕಕ್ಕೆ 450 ಲೀಟರ್. ಕಲ್ಲು ಜೋಡಿಸಿದ ಮೇಲೆ ಸುಮಾರು 380 ಲೀಟರ್ ಹಿಡಿಯುತ್ತದೆ. ಇದಕ್ಕೆ ಅಕ್ವೇರಿಯಂ ಉಪ್ಪು ಹೆಚ್ಚುಕಡಿಮೆ 14 ಕೆಜಿ ಬೇಕು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೀರಿನ ಸಾಪೇಕ್ಷ ಸಾಂದ್ರತೆ 1.023ರಿಂದ 1.025 ತೋರಿಸಬೇಕು. ಬೋರ್‌ವೆಲ್ ನೀರು ಬೇಡವೇ ಬೇಡ. ಅಡುಗೆಮನೆಯ ಆರ್‌ಒ ನೀರೂ ಸಾಲದು. ರುಚಿಗೆಂದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಕಂಟ್ರೋಲರ್ ಅದಕ್ಕೆ ಸ್ವಲ್ಪ ಸೋಸದ ನೀರು ಬೆರೆಸುತ್ತದೆ. ಆರ್‌ಒ ನಂತರ, ಉಳಿದ ಲವಣಗಳನ್ನು ಹೀರುವ ಡಿಐ ರೆಸಿನ್ ದಾಟಿ ಟಿಡಿಎಸ್ ಸೊನ್ನೆಯ ಹತ್ತಿರ ಬಂದ ನೀರೇ ಆಗಬೇಕು. ಹೊಸ ತೊಟ್ಟಿಯಲ್ಲಿ ಮೀನಿಗೆ ವಿಷವಾದ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿಯಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಅಲ್ಲಿಯವರೆಗೆ ಮೀನು ತರಬೇಡಿ.

ಬಾಯಿ ನೋಡಿ ಆರಿಸಿ

ಬಾಯಿಯೊಳಗೆ ಹೋಗುವುದೆಲ್ಲ ಲಯನ್‌ಫಿಶ್‌ಗೆ ಊಟವೇ. ತನ್ನ ಉದ್ದದ ಅರ್ಧದಷ್ಟಿರುವ ಮೀನನ್ನೂ ಅದು ನುಂಗಿಬಿಡಬಲ್ಲದು. ಹಾಗಾಗಿ ಈಗಿನ ಗಾತ್ರವನ್ನಲ್ಲ, ಬೆಳೆದ ಮೇಲಿನ ಗಾತ್ರವನ್ನು ಹೋಲಿಸಿ. ವೊಲಿಟನ್ಸ್ ಲಯನ್‌ಫಿಶ್ ಒಂದಡಿ ದಾಟುತ್ತದೆ. ಅಂಗೈಯಲ್ಲಿ ಹಿಡಿಯುವ ಮರಿ ಕ್ಲೌನ್ ಟ್ರಿಗರ್ ಒಂದೂವರೆ ಅಡಿಯಾಗುತ್ತದೆ.

4 ಅಡಿ ತೊಟ್ಟಿಗೆ ನಮ್ಮ ಶಿಫಾರಸು: ಒಂದು ಫಾಕ್ಸ್‌ಫೇಸ್ (ಸಾಧು ಸ್ವಭಾವದ ಮೀನು), ಒಂದು ಲಯನ್‌ಫಿಶ್, ಒಂದು ಸ್ನೋಫ್ಲೇಕ್ ಈಲ್ (ಹಾವಿನಂತೆ ಉದ್ದನೆಯ ಮೀನು). ಅಷ್ಟೇ. ತೊಟ್ಟಿ ಖಾಲಿ ಖಾಲಿ ಕಂಡರೂ ಕೈ ಬಿಗಿಹಿಡಿಯಿರಿ. 6 ಅಡಿ ಇದ್ದರೆ ನೈಜರ್ ಟ್ರಿಗರ್ ಸೇರಿಸುವ ಯೋಚನೆ ಮಾಡಬಹುದು, ಅದೂ ಕಣ್ಣಿಟ್ಟುಕೊಂಡು. ಟ್ರಿಗರ್‌ಗಳಿಗೆ ಲಯನ್‌ಫಿಶ್‌ನ ಉದ್ದ ರೆಕ್ಕೆ ಕಚ್ಚುವ ಚಟ; ನಿಧಾನವಾಗಿ ತೇಲುವ ಲಯನ್‌ಫಿಶ್‌ಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಅಂಡ್ಯುಲೇಟೆಡ್ ಟ್ರಿಗರ್ ಬೇಕೆಂದರೆ ತೊಟ್ಟಿ ಅದೊಂದಕ್ಕೇ ಮೀಸಲು. ಈಲ್‌ಗೆ ಬೆರಳು ತೂರುವಷ್ಟು ಸಂದು ಸಾಕು, ರಾತ್ರಿ ಹೊರಬಿದ್ದು ನೆಲದ ಮೇಲೆ ಒಣಗುತ್ತದೆ. ಪೈಪು, ವೈರು ಹೋಗುವ ತೂತುಗಳನ್ನೂ ಜಾಲರಿಯಿಂದ ಮುಚ್ಚಿ.

ಸೀಹಾರ್ಸ್, ಜೀವಂತ ಹವಳ ಕೊಡುತ್ತೇವೆಂದು ಯಾರಾದರೂ ಪಿಸುಗುಟ್ಟಿದರೆ ದೂರವಿರಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅದು ಅಪರಾಧ.

ಸರದಿ ತಪ್ಪಬಾರದು

ಸಾಧು ಸ್ವಭಾವದ್ದು ಮೊದಲು, ಪುಂಡ ಕೊನೆಗೆ. ಫಾಕ್ಸ್‌ಫೇಸ್, ಆಮೇಲೆ ಲಯನ್‌ಫಿಶ್, ನಂತರ ಈಲ್, ಟ್ರಿಗರ್ ಇದ್ದರೆ ಎಲ್ಲಕ್ಕಿಂತ ಕೊನೆ. ನಡುವೆ ಮೂರ್ನಾಲ್ಕು ವಾರ ಬಿಡಿ. ಅಷ್ಟರಲ್ಲಿ ಮುಂದಿನ ಮೀನು ಬೇರೆ ತೊಟ್ಟಿಯಲ್ಲಿ ಕ್ವಾರಂಟೈನ್ ಮುಗಿಸಿ, ಸತ್ತ ಆಹಾರ ತಿನ್ನುವುದನ್ನು ಕಲಿಯಲಿ. ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕುವಾಗ ಈಲ್ ಅದೇ ನೀರಿನಲ್ಲಿ ಇರಕೂಡದು, ಅದು ತಾಮ್ರವನ್ನು ತಾಳಿಕೊಳ್ಳುವುದಿಲ್ಲ.

ಹೊಸಬನನ್ನು ಬಿಡುವ ದಿನ ಕಲ್ಲುಗಳ ಜಾಗ ಬದಲಿಸಿ. ಹಳಬರ ಗಡಿಗಳು ಅಳಿಸಿಹೋಗುತ್ತವೆ. ಹಳಬರಿಗೆ ಮೊದಲೇ ಊಟ ಹಾಕಿ. ಹೊಸ ಮೀನು ಎರಡು ಮೂರು ದಿನ ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿರಲಿ. ಹಳಬ ಪೆಟ್ಟಿಗೆಗೆ ಗುದ್ದುತ್ತಲೇ ಇದ್ದರೆ ಬಿಡಬೇಡಿ. ಬಿಟ್ಟ ಮೇಲೂ ರೆಕ್ಕೆ ಹರಿದು, ಮೂಲೆ ಹಿಡಿದು, ಊಟ ಬಿಟ್ಟ ಮೀನು ಕಂಡರೆ ಅವತ್ತೇ ಬೇರ್ಪಡಿಸಿ.

ಊಟ, ಉಸಿರು, ಮುಳ್ಳು

ಲಯನ್‌ಫಿಶ್‌ಗೆ ವಾರಕ್ಕೆ ಎರಡು ಮೂರು ಸಲ ಸಿಗಡಿ, ಸ್ಕ್ವಿಡ್, ಮೀನಿನ ತುಂಡು ಬದಲಿಸಿ ಕೊಡಿ. ಗೋಲ್ಡ್‌ಫಿಶ್ ಬೇಡ, ಅದರಲ್ಲಿರುವ ಥಯಾಮಿನೇಸ್ ಬಿ1 ವಿಟಮಿನ್ ಅನ್ನು ನಾಶಮಾಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ನೀರಿನಲ್ಲಿ ಕರಗುವ ಆಮ್ಲಜನಕ ಇಲ್ಲಿ ಶೇ 10ರಷ್ಟು ಕಡಿಮೆ. ಉಂಡ ಮೀನಿಗೆ ಉಸಿರು ಇನ್ನೂ ಹೆಚ್ಚು ಬೇಕು. ಕರೆಂಟ್ ಹೋದಾಗ ತಾನೇ ಚಾಲೂ ಆಗುವ ಬ್ಯಾಟರಿ ಏರ್ ಪಂಪ್ ಇಟ್ಟಿರಿ.

ಲಯನ್‌ಫಿಶ್, ಫಾಕ್ಸ್‌ಫೇಸ್ ಎರಡರ ಮುಳ್ಳಿನಲ್ಲೂ ವಿಷವಿದೆ. ಚುಚ್ಚಿದರೆ ಆ ಭಾಗವನ್ನು 45 ಡಿಗ್ರಿ ಮೀರದ, ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ, ಆಮೇಲೆ ವೈದ್ಯರ ಬಳಿ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ ಅಷ್ಟು ಹೊತ್ತು ಕಾಯದೆ ಹೊರಡಿ.