‘ನಾವು’ ಮತ್ತು ‘ಅವರು’: ಹಳೆಯ ಚೀನೀ ಚಿಂತಕರನ್ನು ಓದುವುದು ಹೇಗೆ?

ಸಂಸ್ಕೃತಿಗಳ ನಡುವಿನ ವ್ಯತ್ಯಾಸದ ಬಗ್ಗೆ ಚೀನಾದವರು ಏನು ಹೇಳಿದ್ದಾರೆ ಅಂತ ಹುಡುಕಿದರೆ ಮೊದಲು ಸಿಗುವುದು ಕನ್‌ಫ್ಯೂಷಿಯಸ್‌ನ ಒಂದು ಮಾತು. ದೊಡ್ಡ ಮನುಷ್ಯ ಎಲ್ಲರ ಜೊತೆ ಹೊಂದಿಕೊಳ್ಳುತ್ತಾನೆ, ಆದರೆ ಅವರ ಹಾಗೇ ಆಗುವುದಿಲ್ಲ. ಸಣ್ಣ ಮನುಷ್ಯ ಎಲ್ಲರ ಹಾಗೇ ಆಗುತ್ತಾನೆ, ಆದರೆ ಹೊಂದಿಕೊಳ್ಳುವುದಿಲ್ಲ. ಚೆನ್ನಾಗಿದೆ, ಅಲ್ವಾ? ಆದರೂ ಓದನ್ನು ಇಲ್ಲಿಂದ ಶುರು ಮಾಡಬೇಡಿ. ಬಿಡಿಯಾಗಿ ನಿಂತ ಮಾತಿಗೆ ಯಾರು ಬೇಕಾದರೂ ತಮಗೆ ಬೇಕಾದ ಅರ್ಥ ತುಂಬಬಹುದು.

ನಾನು ಹೊಸಬರಿಗೆ ಯಾವಾಗಲೂ ಮೊದಲು ಕೊಡುವುದು ಚೀನಾದ ಹಳೆಯ ಇತಿಹಾಸ ಗ್ರಂಥ ‘ಜುವೊ ಜುವಾನ್’ನ ಒಂದು ಪುಟ. ಅದು ಭಾರೀ ಗ್ರಂಥ, ಪೂರ್ತಿ ಓದಬೇಕಿಲ್ಲ. ಲು ರಾಜ್ಯದ ದೊರೆ ಝಾವೋನ ಆಳ್ವಿಕೆಯ 20ನೇ ವರ್ಷ, ಅಂದರೆ ಕ್ರಿ.ಪೂ. 522ರ ಭಾಗ ತೆಗೆಯಿರಿ. ಚಿ ರಾಜ್ಯದ ದೊರೆ ಜಿಂಗ್ ಬೇಟೆಯಿಂದ ವಾಪಸ್ ಬಂದಿದ್ದಾನೆ. ಅವನ ಮೆಚ್ಚಿನ ಆಸ್ಥಾನಿಕ ಲಿಯಾಂಗ್ ಚಿಯುಜು ಗಾಡಿ ಓಡಿಸಿಕೊಂಡು ಬರುತ್ತಾನೆ. ‘ನನ್ನ ಜೊತೆ ಹೊಂದಿಕೆಯಾಗಿರುವವನು ಇವನೊಬ್ಬನೇ’ ಅನ್ನುತ್ತಾನೆ ದೊರೆ. ಪಕ್ಕದಲ್ಲಿದ್ದ ಮಂತ್ರಿ ಯಾನ್ ಯಿಂಗ್ ಒಪ್ಪುವುದಿಲ್ಲ. ಅವನು ನಿಮ್ಮ ಹಾಗೇ ಇದ್ದಾನೆ ಅಷ್ಟೇ, ಅದು ಹೊಂದಿಕೆ ಹೇಗಾದೀತು ಅಂತ ಕೇಳುತ್ತಾನೆ. ಹೊಂದಿಕೆ ಅಂದರೆ ಸಾರು ಮಾಡಿದ ಹಾಗೆ. ನೀರು, ಬೆಂಕಿ, ಹುಳಿ, ಉಪ್ಪು ಎಲ್ಲ ಸೇರಿ ಮೀನು, ಮಾಂಸ ಬೇಯಬೇಕು. ಕಮ್ಮಿಯಾದದ್ದನ್ನು ಅಡುಗೆಯವನು ಸೇರಿಸಬೇಕು, ಜಾಸ್ತಿಯಾದದ್ದನ್ನು ತಗ್ಗಿಸಬೇಕು. ದೊರೆ ಸರಿ ಅಂದದ್ದರಲ್ಲಿ ತಪ್ಪಿದ್ದರೆ ಮಂತ್ರಿ ಆ ತಪ್ಪನ್ನು ತೋರಿಸಬೇಕು, ಆಗ ದೊರೆಯ ಸರಿ ಪೂರ್ತಿ ಸರಿಯಾಗುತ್ತದೆ. ಚಿಯುಜು ನೀವು ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ ಅನ್ನುತ್ತಾನೆ. ನೀರಿಗೆ ನೀರನ್ನೇ ಬೆರೆಸಿದರೆ ಅದನ್ನು ಯಾರು ಕುಡಿಯುತ್ತಾರೆ?

ಈ ಪುಟವನ್ನು ನಿಧಾನವಾಗಿ, ಎರಡು ಸಲ ಓದಿ. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇಲ್ಲಿದೆ. ಇಲ್ಲಿ ಹೊಂದಿಕೆ ಅಂದರೆ ಎಲ್ಲರೂ ಬಾಯಿ ಮುಚ್ಚಿಕೊಂಡಿರುವುದಲ್ಲ. ಎದುರು ಮಾತಾಡುವವನಿಗೆ ಅಲ್ಲಿ ಜಾಗ ಇರಬೇಕು. 2004ರಿಂದ ಹು ಜಿಂಟಾವೋ ಸರ್ಕಾರ ‘ಸಾಮರಸ್ಯದ ಸಮಾಜ’, ಅಂದರೆ ಹೊಂದಿಕೆಯ ಸಮಾಜ, ಅನ್ನುವ ಘೋಷಣೆ ತಂದಿತು. ಆಮೇಲೆ ಚೀನಾದ ಇಂಟರ್ನೆಟ್‌ನಲ್ಲಿ ಯಾರದಾದರೂ ಬರಹ ಅಳಿಸಿಹೋದರೆ, ‘ಅದಕ್ಕೆ ಸಾಮರಸ್ಯ ಮಾಡಿಬಿಟ್ಟರು’ ಅಂತ ಜನ ಹೇಳತೊಡಗಿದರು. ಯಾನ್ ಯಿಂಗ್‌ನನ್ನು ಓದಿದವರಿಗೆ ಆ ಮಾತಿನ ನೋವು ತಕ್ಷಣ ಅರ್ಥವಾಗುತ್ತದೆ.

ಮುಂದಿನ ಕೆಲಸಕ್ಕೆ ಒಂದು ನೋಟ್‌ಬುಕ್ ಬೇಕು. ‘ನಾವು’, ‘ಅವರು’ ಅನ್ನುವ ಮಾತು ಸಿಕ್ಕಾಗೆಲ್ಲ ಪಕ್ಕದಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ. ಯಾರು ಹೇಳಿದರು? ಯಾರಿಗೆ? ಯಾವ ಜಗಳದ ನಡುವೆ?

ಕನ್‌ಫ್ಯೂಷಿಯಸ್‌ನ ದಾರಿಯಲ್ಲಿ ನಡೆದ ಚಿಂತಕ ಮೆನ್ಶಿಯಸ್‌ನ ಮೇಲೆ ಇದನ್ನು ಪ್ರಯೋಗಿಸಿ ನೋಡಿ. ‘ನಮ್ಮ ರೀತಿನೀತಿಯಿಂದ ಹೊರಗಿನವರು ಬದಲಾದದ್ದು ಕೇಳಿದ್ದೇನೆ, ಹೊರಗಿನವರಿಂದ ನಾವು ಬದಲಾದದ್ದು ಕೇಳಿಲ್ಲ’ ಅನ್ನುತ್ತಾನೆ. ಇಷ್ಟೇ ಓದಿದರೆ ಅಹಂಕಾರದ ಮಾತು. ಆದರೆ ಇದು ಚೆನ್ ಶಿಯಾಂಗ್ ಅನ್ನುವವನಿಗೆ ಬೈಯುವಾಗ ಬಂದದ್ದು. ಅವನು ತನ್ನ ಗುರುವನ್ನು ಬಿಟ್ಟು, ದಕ್ಷಿಣದ ಚು ರಾಜ್ಯದಿಂದ ಬಂದ ಶು ಶಿಂಗ್‌ನ ಹಿಂದೆ ಹೋಗಿದ್ದ. ಮೆನ್ಶಿಯಸ್ ಶು ಶಿಂಗ್‌ನ ನುಡಿಯನ್ನು ಹಕ್ಕಿಯ ಕೂಗಿಗೆ ಹೋಲಿಸಿ ಹೀಯಾಳಿಸುತ್ತಾನೆ. ಆದರೆ ಚೆನ್ ಶಿಯಾಂಗ್ ಬಿಟ್ಟುಬಂದ ಗುರುವೂ ಚು ರಾಜ್ಯದಲ್ಲಿ ಹುಟ್ಟಿದವನೇ! ಅವನನ್ನು ಮೀರಿಸುವವರು ಉತ್ತರದ ವಿದ್ವಾಂಸರಲ್ಲೂ ಇರಲಿಲ್ಲ ಅಂತ ಇದೇ ಮೆನ್ಶಿಯಸ್ ಹೊಗಳುತ್ತಾನೆ. ಇನ್ನೊಂದು ಕಡೆ, ಪುರಾಣದ ಮಹಾರಾಜ ಶುನ್ ಪೂರ್ವದ ಹೊರಗಿನವನು, ಝೋ ಮನೆತನದ ರಾಜ ವೆನ್ ಪಶ್ಚಿಮದ ಹೊರಗಿನವನು, ಆದರೂ ಇಬ್ಬರ ದಾರಿ ಒಂದೇ ಅನ್ನುತ್ತಾನೆ. ಈ ಎರಡೂ ಭಾಗಗಳನ್ನು ಎದುರುಬದುರು ಪುಟದಲ್ಲಿ ಬರೆದಿಡಿ. ಹುಟ್ಟಿದ ಊರು ಅವನಿಗೆ ಮುಖ್ಯವಲ್ಲ, ಕಲಿತು ನಡೆದ ರೀತಿ ಮುಖ್ಯ. ಇದರಲ್ಲಿ ಔದಾರ್ಯ ಇದೆ, ‘ಕಲಿಯಬೇಕಾದವರು ನೀವೇ’ ಅನ್ನುವ ಬಿಗುಮಾನವೂ ಇದೆ. ಎರಡರಲ್ಲಿ ಒಂದನ್ನು ಅಳಿಸಬೇಡಿ.

ಇಂಥ ಮಾತು ಅಧಿಕಾರದ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ತಿಳಿಯಲು ಯೊಂಗ್‌ಜೆಂಗ್ ಚಕ್ರವರ್ತಿಯ ಕಾಲಕ್ಕೆ ಬನ್ನಿ. ಅವನು ಈಶಾನ್ಯದಿಂದ ಬಂದು ಚೀನಾವನ್ನು ಗೆದ್ದು ಆಳುತ್ತಿದ್ದ ಮಂಚು ಮನೆತನದವನು. ಮಂಚುಗಳು ಹೊರಗಿನವರು, ಅವರ ಆಳ್ವಿಕೆ ಸಲ್ಲದು ಅಂತ ಹುನಾನ್‌ನ ಜೆಂಗ್ ಜಿಂಗ್ 1728ರಲ್ಲಿ ದಂಗೆಗೆ ಕರೆಕೊಟ್ಟು ಸಿಕ್ಕಿಬಿದ್ದ. ಚಕ್ರವರ್ತಿ ಅವನನ್ನು ಕೊಲ್ಲಿಸಲಿಲ್ಲ. ಉತ್ತರವಾಗಿ ಪುಸ್ತಕ ಮಾಡಿಸಿ ರಾಜ್ಯದ ತುಂಬ ಹಂಚಿದ. ಶುನ್ ಕೂಡ ಹೊರಗಿನವನೇ ಅಲ್ಲವೇ ಅನ್ನುವ ಮೆನ್ಶಿಯಸ್‌ನ ಅದೇ ವಾದ ಅದರಲ್ಲಿದೆ. 1735ರಲ್ಲಿ ಪಟ್ಟಕ್ಕೆ ಬಂದ ಮಗ ಚಿಯಾನ್‌ಲೊಂಗ್ ಆ ಪುಸ್ತಕವನ್ನು ನಿಷೇಧಿಸಿದ, ಜೆಂಗ್ ಜಿಂಗ್‌ನನ್ನು ಕೊಲ್ಲಿಸಿದ. ವಾದ ಎಷ್ಟೇ ಉದಾರವಾಗಿರಲಿ, ಅದಕ್ಕೆ ‘ಇಲ್ಲ’ ಅನ್ನುವ ಹಕ್ಕು ಇನ್ನೊಬ್ಬರಿಗೆ ಇತ್ತೇ? ನಾಲ್ಕನೇ ಪ್ರಶ್ನೆಯಾಗಿ ಇದನ್ನೂ ನೋಟ್‌ಬುಕ್‌ಗೆ ಸೇರಿಸಿ.

ಬರೀ ಕನ್‌ಫ್ಯೂಷಿಯಸ್ ಬಳಗವನ್ನೇ ಓದಿ ನಿಲ್ಲಿಸಬೇಡಿ. ದಾವೋ ಪಂಥದ ಹಳೆಯ ಗ್ರಂಥ ‘ಜುವಾಂಗ್‌ಝಿ’ಯ 18ನೇ ಅಧ್ಯಾಯದಲ್ಲಿ ಲು ರಾಜ್ಯದ ದೊರೆ, ಹಾರಿಬಂದ ಕಡಲ ಹಕ್ಕಿಯನ್ನು ದೇಗುಲಕ್ಕೆ ಕರೆತಂದು ಮದ್ಯ, ಮಾಂಸ, ರಾಜಸಂಗೀತ ಎಲ್ಲ ಕೊಡುತ್ತಾನೆ. ಹಕ್ಕಿ ಬೆದರಿ, ಒಂದು ಚೂರೂ ತಿನ್ನದೆ ಮೂರು ದಿನಕ್ಕೆ ಸಾಯುತ್ತದೆ. ತನಗೆ ಹಿತವಾದದ್ದನ್ನು ಅವನು ಹಕ್ಕಿಗೆ ಬಡಿಸಿದ್ದ. ಇಲ್ಲೂ ‘ಯಾರು ಹೇಳಿದರು’ ಅಂತ ಕೇಳಿ. ಕಥೆ ಹೇಳುವವನು ಕನ್‌ಫ್ಯೂಷಿಯಸ್! ತನ್ನ ಶಿಷ್ಯ ಹಳೆಯ ಮಹಾರಾಜರ ಆದರ್ಶ ಹೊತ್ತುಕೊಂಡು ಬೇರೆ ರಾಜ್ಯದ ದೊರೆಗೆ ಬೋಧಿಸಲು ಹೊರಟಿದ್ದಾನೆ, ಅದೇ ಅವನ ಚಿಂತೆ.

ಆಮೇಲೆ ಮೋಝಿ, ಕನ್‌ಫ್ಯೂಷಿಯಸ್ ಬಳಗವನ್ನು ಎದುರಿಸಿದ ಇನ್ನೊಬ್ಬ ಹಳೆಯ ಚಿಂತಕ. ಶವಸಂಸ್ಕಾರದ ದುಂದುವೆಚ್ಚದ ಬಗ್ಗೆ ಅವನದೊಂದು ಅಧ್ಯಾಯ ಇದೆ. ಚಿನ್ ರಾಜ್ಯದ ಪಶ್ಚಿಮಕ್ಕಿರುವ ಯಿಚು ಜನ ಹೆಣ ಸುಡುತ್ತಾರೆ, ಹೊಗೆ ಮೇಲೇರಿದರೆ ಸತ್ತವರು ದೂರಕ್ಕೆ ಏರಿಹೋದರು ಅನ್ನುತ್ತಾರೆ. ಚು ರಾಜ್ಯದ ದಕ್ಷಿಣದಲ್ಲಿ ಮಾಂಸ ತೆಗೆದು ಮೂಳೆ ಹೂಳುತ್ತಾರೆ. ಹಾಗೆ ಮಾಡಿದವನೇ ಅಲ್ಲಿ ಒಳ್ಳೆಯ ಮಗ. ಈ ಉದಾಹರಣೆಗಳನ್ನಷ್ಟೇ ಎತ್ತಿಕೊಂಡು ‘ಅವರವರ ಪದ್ಧತಿ ಅವರವರಿಗೆ’ ಅಂತ ಮೋಝಿ ಹೇಳಿದ ಅಂದುಕೊಳ್ಳುವವರು ಇದ್ದಾರೆ. ಅವನು ಹೇಳುವುದು ಬೇರೆ. ಅಭ್ಯಾಸವಾದದ್ದೇ ಸರಿ ಅನ್ನಿಸಿಬಿಡುತ್ತದೆ. ಅವರದು ತೀರಾ ಕಮ್ಮಿ, ನಮ್ಮ ದೊಡ್ಡವರದು ತೀರಾ ಜಾಸ್ತಿ. ಮೂರು ಅಂಗುಲ ದಪ್ಪದ ಪೆಟ್ಟಿಗೆ, ಮೂರು ಬಟ್ಟೆ ಸಾಕು ಅನ್ನುತ್ತಾನೆ. ಆ ಅಧ್ಯಾಯವನ್ನು ಮೊದಲಿನಿಂದ ಓದಿ. ಉದ್ದ ಇದೆ, ಒಂದು ಸಂಜೆ ಹಿಡಿಯುತ್ತದೆ.