ಕಾಯಿಲೆ ಹೆಸರು ಬೇಡ, ಕಷ್ಟದ ಹೊತ್ತು ಯಾವುದು ಹೇಳಿ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಎಚ್‌ಆರ್ ನೋಡಿಕೊಳ್ಳುತ್ತೇನೆ. ಗೇರು, ಶಾಫ್ಟು ಮಾಡುವ ಕಾರ್ಖಾನೆ. ಮೂರು ಶಿಫ್ಟ್ ನಡೆಯುತ್ತದೆ. ಡಿಪ್ರೆಶನ್, ಬೈಪೋಲಾರ್ (ಮನಸ್ಸು ಕೆಲಕಾಲ ವಿಪರೀತ ಏರಿ, ಕೆಲಕಾಲ ಕುಸಿಯುವ ಕಾಯಿಲೆ), ಪ್ಯಾನಿಕ್ ಅಟ್ಯಾಕ್ ಇರುವವರು ಎಲ್ಲ ಕಡೆ ಇರುವ ಹಾಗೆ ನಮ್ಮಲ್ಲೂ ಇದ್ದಾರೆ. ಚಿಕಿತ್ಸೆ ತೆಗೆದುಕೊಳ್ಳುತ್ತಲೇ ಅವರು ಕೆಲಸದಲ್ಲಿ ಮುಂದುವರಿಯಲು ನಾವು ಏನೇನು ಬದಲಾಯಿಸಿದೆವು ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ. ಸಂಬಂಧಪಟ್ಟವರನ್ನು ಕೇಳಿಯೇ ಬರೆದಿದ್ದೇನೆ. ಗುರುತು ಸಿಗುವ ವಿವರ ಬಿಟ್ಟಿದ್ದೇನೆ.

ಮೊದಲನೆಯವರು ಹೀಟ್ ಟ್ರೀಟ್‌ಮೆಂಟ್, ಅಂದರೆ ಲೋಹ ಕಾಯಿಸಿ ಗಟ್ಟಿ ಮಾಡುವ ವಿಭಾಗದ ಆಪರೇಟರ್. ಫರ್ನೇಸ್ ಮುಂದೆ ಕೆಲಸ, ವಾರಕ್ಕೊಮ್ಮೆ ಶಿಫ್ಟ್ ಬದಲು. ಆಸ್ಪತ್ರೆಯಲ್ಲಿದ್ದು ವಾಪಸ್ ಬಂದಾಗ ಕೈಯಲ್ಲಿ ಒಂದು ಚೀಟಿ ಇತ್ತು: 'ಫಿಟ್ ಫಾರ್ ಡ್ಯೂಟಿ'. ಅಷ್ಟೇ. ಬೈಪೋಲಾರ್ ಅಂತ ಅವರಾಗಿಯೇ ಹೇಳಿದರು. ಆದರೆ ಯಾವ ಡ್ಯೂಟಿಗೆ ಫಿಟ್? ಚೀಟಿ ಬರೆದ ಡಾಕ್ಟರು ನಮ್ಮ ಫರ್ನೇಸ್ ನೋಡಿದವರಲ್ಲ, ಅಲ್ವಾ?

ಅದಕ್ಕೇ ಆ ಆಪರೇಟರ್ ಒಪ್ಪಿಗೆಯ ಸಹಿ ತೆಗೆದುಕೊಂಡು ಡಾಕ್ಟರಿಗೆ ಒಂದು ಪತ್ರ ಬರೆದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಡಾಕ್ಟರು ರೋಗಿಯ ವಿಷಯ ಗುಟ್ಟಾಗಿಡಬೇಕು. ಕಂಪನಿಯವರು ಫೋನ್ ಮಾಡಿ 'ಅವನಿಗೆ ಏನಾಗಿದೆ' ಅಂತ ಕೇಳುವ ಹಾಗಿಲ್ಲ. ನಾನು ಕಾಯಿಲೆ ಬಗ್ಗೆ ಏನೂ ಕೇಳಲಿಲ್ಲ. ಅವರ ಕೆಲಸ ಎಂಥದ್ದು ಅಂತ ವಿವರಿಸಿದೆ. ಎಷ್ಟು ಸೆಕೆ, ಎಷ್ಟು ಹೊತ್ತು ನಿಲ್ಲಬೇಕು, ನೈಟ್ ಶಿಫ್ಟ್ ಎಷ್ಟು ಸಲ ಬರುತ್ತದೆ, ಮೇಲೆ ಕ್ರೇನ್ ಓಡಾಡುತ್ತದೆ ಅನ್ನೋದನ್ನೆಲ್ಲ ಬರೆದೆ. ಇದರಲ್ಲಿ ಯಾವುದು ಬೇಡ, ಎಷ್ಟು ಕಾಲ ಬೇಡ ಅಂತ ಮಾತ್ರ ಕೇಳಿದೆ.

ಉತ್ತರ ಸ್ಪಷ್ಟವಾಗಿತ್ತು. ನೈಟ್ ಶಿಫ್ಟ್ ಬೇಡ, ಫರ್ನೇಸ್ ಬೇಡ. ಕಾರಣವನ್ನು ಡಾಕ್ಟರು ಅವರಿಗೆ ಹೇಳಿದ್ದರು, ಅವರು ನನಗೆ ಹೇಳಿದರು. ಬೈಪೋಲಾರ್ ಇರುವವರಿಗೆ ನಿದ್ದೆ ಕೆಟ್ಟರೆ ಕಾಯಿಲೆ ಮತ್ತೆ ಏಳುವ ಸಾಧ್ಯತೆ ಜಾಸ್ತಿ. ಫರ್ನೇಸ್ ವಿಷಯ ಬೇರೆ. ಬೈಪೋಲಾರ್‌ಗೆ ಅವರು ತೆಗೆದುಕೊಳ್ಳುತ್ತಿದ್ದದ್ದು ಲಿಥಿಯಂ ಮಾತ್ರೆ. ವಿಪರೀತ ಬೆವರಿ ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ಜಾಸ್ತಿ ಏರಿದರೆ ವಾಂತಿ, ಕೈಕಾಲು ನಡುಕ, ತೂರಾಟ. ಉರಿಯುವ ಫರ್ನೇಸ್ ಪಕ್ಕ ತೂರಾಡಿದರೆ ಏನಾಗಬಹುದು ಅಂತ ಕಾರ್ಖಾನೆಯಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ದಿನದಿಂದ ನಾನು ಇದನ್ನು ಸೇಫ್ಟಿ ವಿಷಯ ಅಂತಲೇ ನೋಡುತ್ತಾ ಬಂದಿದ್ದೇನೆ.

ಅವರನ್ನು ಇನ್‌ಸ್ಪೆಕ್ಷನ್‌ಗೆ ಹಾಕಿದೆವು. ಅಲ್ಲಿ ಇನ್ನೊಂದು ತೊಡಕು ಎದುರಾಯಿತು. ಲಿಥಿಯಂ ತೆಗೆದುಕೊಳ್ಳುವ ಕೆಲವರಿಗೆ ಮಾಮೂಲಿ ಡೋಸಿನಲ್ಲೂ ಬೆರಳು ಸಣ್ಣಗೆ ನಡುಗುತ್ತದೆ. ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದು ಕೈಯಲ್ಲಿ ಮೈಕ್ರೋಮೀಟರ್ (ತೀರಾ ಸೂಕ್ಷ್ಮ ಅಳತೆಯ ಸಾಧನ) ಹಿಡಿದು ಅಳೆಯುವಾಗ ರೀಡಿಂಗ್ ಒಂದೊಂದು ಸಲ ಒಂದೊಂದು ಥರ ಬರುತ್ತಿತ್ತು. ಅವರ ಮುಖ ಇಳಿದುಹೋಯಿತು. ಹಳೇ ಇನ್‌ಸ್ಪೆಕ್ಟರ್ ಒಬ್ಬರು ಏನೂ ಮಾತಾಡದೆ ಸ್ಟೋರ್ಸ್‌ನಿಂದ ಮೈಕ್ರೋಮೀಟರ್ ಸ್ಟ್ಯಾಂಡ್ ತಂದು ಟೇಬಲ್ ಮೇಲೆ ಇಟ್ಟರು. ಮೈಕ್ರೋಮೀಟರ್ ಅದರಲ್ಲಿ ಗಟ್ಟಿಯಾಗಿ ಕೂತಿತು. ಇವರು ಶಾಫ್ಟ್ ಒಳಗಿಟ್ಟು ರ‍್ಯಾಚೆಟ್ ತಿರುಗಿಸಿದರೆ ಸಾಕು. ಅರ್ಧ ದಿನ ಸ್ಟ್ಯಾಂಡಿನಲ್ಲಿ ಅಳತೆ, ಇನ್ನರ್ಧ ದಿನ ಲೋಹ ಎಷ್ಟು ಗಟ್ಟಿ ಅಂತ ನೋಡುವ ರಾಕ್‌ವೆಲ್ ಹಾರ್ಡ್‌ನೆಸ್ ಟೆಸ್ಟರ್. ಹೀಟ್ ಟ್ರೀಟ್‌ಮೆಂಟ್ ಗೊತ್ತಿದ್ದವರಾದ್ದರಿಂದ ಹಾರ್ಡ್‌ನೆಸ್ ಯಾಕೆ ಕಡಿಮೆ ಬಂತು ಅಂತ ಬೇರೆಯವರಿಗಿಂತ ಬೇಗ ಹೇಳುತ್ತಾರೆ. ಪಕ್ಕದಲ್ಲೇ ನೀರಿನ ಬಾಟಲಿ ಇಟ್ಟುಕೊಳ್ಳಲು, ಕೇಳದೆ ಟಾಯ್ಲೆಟ್‌ಗೆ ಹೋಗಲು ಅನುಮತಿ ಕೊಟ್ಟೆವು. ರಕ್ತ ಪರೀಕ್ಷೆಗೆ ರಾತ್ರಿ ಮಾತ್ರೆ ತೆಗೆದುಕೊಂಡು 12 ಗಂಟೆ ಆದಮೇಲೆ ರಕ್ತ ಕೊಡಬೇಕು. ಅಂದರೆ ಬೆಳಗ್ಗೆ ಹೋಗಬೇಕು. ಅದಕ್ಕೆ ರಜೆ ಹಿಡಿಯದೆ ಗೇಟ್ ಪಾಸ್ ಕೊಡುತ್ತೇವೆ.

'ಅವರಿಗೆ ಮಾತ್ರ ಯಾಕೆ ನೈಟ್ ಇಲ್ಲ?' ಅನ್ನುವ ಪ್ರಶ್ನೆ ಬಂದೇ ಬಂತು. ಕಾಯಿಲೆ ವಿಷಯ ನಾನು ಬಾಯಿ ಬಿಡಲಿಲ್ಲ. 'ಡಾಕ್ಟರ್ ಸಲಹೆ ಮೇಲೆ ಬದಲಾಯಿಸಿದ್ದೇವೆ. ನಿಮಗೆ ಡಿಸ್ಕ್ ತೊಂದರೆಯಾಗಿ ಭಾರ ಎತ್ತಬೇಡಿ ಅಂದರೆ ನಿಮಗೂ ಬದಲಾಯಿಸುತ್ತೇವೆ' ಅಂದೆ. ಖಾಲಿಯಾದ ನೈಟ್ ಪಾಳಿಗಳನ್ನು ಬೇಕು ಅಂದವರಿಗೆ ಹಂಚಿದೆವು. ನೈಟ್ ಅಲೋಯನ್ಸ್ ಸಿಗುತ್ತದೆ ಅಂತ ತೆಗೆದುಕೊಳ್ಳಲು ಜನ ಇದ್ದರು. ಆದರೆ ಇವರಿಗೆ ಆ ಅಲೋಯನ್ಸ್ ತಪ್ಪಿತು. ಮನೆ ಬಾಡಿಗೆ ಕಟ್ಟುವವರಿಗೆ ಅದು ಸಣ್ಣ ಮೊತ್ತವಲ್ಲ. ಬೇಸಿಕ್ ಸಂಬಳ, ಗ್ರೇಡ್ ಮುಟ್ಟಬಾರದು ಅಂತ ನಾನು ಹಟ ಹಿಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆಗಳು ತೆಗೆದುಹಾಕಬಾರದು, ಕೆಳದರ್ಜೆಗೆ ಇಳಿಸಬಾರದು ಅನ್ನುತ್ತದೆ. ನಮ್ಮದು ಖಾಸಗಿ. ಆದರೂ ಅದನ್ನೇ ಅಳತೆಗೋಲು ಮಾಡಿಕೊಳ್ಳೋಣ ಅಂದೆ, ಒಪ್ಪಿದರು.

ಎರಡನೆಯವರು ಅಕೌಂಟ್ಸ್‌ನ ಒಬ್ಬ ಹೆಣ್ಣುಮಗಳು. ಕೆಲಸದಲ್ಲಿ ಗಟ್ಟಿಗಿತ್ತಿ. ಕೆಲವು ತಿಂಗಳಿಂದ ತಡವಾಗಿ ಬರುತ್ತಿದ್ದರು, ಜಿಎಸ್‌ಟಿ ರಿಟರ್ನ್ ಕಟ್ಟುವ 20ನೇ ತಾರೀಖು ಹತ್ತಿರ ಬಂದ ಹಾಗೆ ರಜೆ ಹಾಕುತ್ತಿದ್ದರು. ಅವರ ಮೇಲಿನವರು ಮೆಮೊ ಕೊಡಿ ಅಂದರು. ನಾನು ಕರೆದು ಕೂರಿಸಿ, 'ಏನು ಕಾಯಿಲೆ ಅಂತ ಹೇಳೋದು ಬೇಡ ಅಮ್ಮ. ದಿನದಲ್ಲಿ ಯಾವ ಹೊತ್ತು ಕಷ್ಟ, ಯಾವ ಕೆಲಸ ಕಷ್ಟ, ಅಷ್ಟು ಹೇಳಿ' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 'ಮೇಡಂ, ರಾತ್ರಿ ಮಾತ್ರೆಗೆ ಹತ್ತು ಗಂಟೆವರೆಗೂ ತಲೆ ಮಂಜು ಮಂಜಾಗಿರತ್ತೆ. ಪೇಮೆಂಟ್ ಯಾವಾಗ ಅಂತ ಸಪ್ಲೈಯರ್ಸ್ ಫೋನ್ ಮಾಡಿದ್ರೆ ಎದೆ ಹೊಡ್ಕೊಳ್ಳತ್ತೆ. ಲೆಕ್ಕ ನನಗೆ ಕಷ್ಟ ಇಲ್ಲ.'

ಲೆಕ್ಕ ಕಷ್ಟವಿಲ್ಲದವರನ್ನು ಲೆಕ್ಕದಿಂದ ತೆಗೆಯುವುದು ಯಾಕೆ? ಬರುವ ಹೊತ್ತು ಹತ್ತೂವರೆ ಮಾಡಿದೆವು, ಹೋಗುವ ಹೊತ್ತು ಅಷ್ಟೇ ಮುಂದೆ ಹಾಕಿದೆವು. ಸಪ್ಲೈಯರ್ ಫೋನ್‌ಗಳು ಪರ್ಚೇಸ್‌ನವರಿಗೆ ಹೋದವು. 20ನೇ ತಾರೀಖಿನ ಕೆಲಸ ಒಟ್ಟಿಗೆ ಮೈಮೇಲೆ ಬೀಳದಂತೆ ಬಿಲ್ ಹೊಂದಿಸುವುದನ್ನು ವಾರವಾರ ಮಾಡಿಸಿದೆವು. ಮೂವರು ಮೂರು ಕೆಲಸ ಬಾಯಲ್ಲಿ ಹೇಳಿ ಹೋಗುವುದು ನಿಂತಿತು. ಒಬ್ಬರೇ ಹೇಳಬೇಕು, ಬರೆದು ಹೇಳಬೇಕು. ಈ ಕೊನೆಯದು ಇಡೀ ವಿಭಾಗಕ್ಕೇ ಅನುಕೂಲವಾಯಿತು. ಕಂಪನಿಗೆ ಇದರಲ್ಲಿ ಯಾವುದಕ್ಕೂ ದುಡ್ಡು ಖರ್ಚಾಗಲಿಲ್ಲ.

ಆಗ ಮೇಲಿನವರು ಕೇಳಿದ್ದು: 'ಅವರ ಹತ್ತಿರ ಸರ್ಟಿಫಿಕೇಟ್ ಇದೆಯಾ?' 40 ಶೇಕಡ ಅಂಗವೈಕಲ್ಯದ ಸರ್ಟಿಫಿಕೇಟ್ ಮೀಸಲಾತಿಯಂಥ ಸೌಲಭ್ಯಗಳಿಗೆ ಬೇಕು. ಆದರೆ ಕೆಲಸದಲ್ಲಿ ಹೊಂದಾಣಿಕೆ ಮಾಡಿಕೊಡಲು ಆ ಗೆರೆ ದಾಟಿರಲೇಬೇಕು ಅಂತಿಲ್ಲ. ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ ಇದ್ದ ಒಬ್ಬ ಯುಪಿಎಸ್‌ಸಿ ಅಭ್ಯರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಇದನ್ನೇ ಹೇಳಿದೆ. ಅದೇ ವರ್ಷ ಡಿಸೆಂಬರಿನಲ್ಲಿ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಇನ್ನೊಂದು ತೀರ್ಪು ಬಂತು. ನಡತೆಗೆ ಮಾನಸಿಕ ತೊಂದರೆಯೂ ಒಂದು ಕಾರಣವಾಗಿದ್ದರೆ, ಅದನ್ನು ಲೆಕ್ಕಿಸದೆ ಶಿಸ್ತುಕ್ರಮ ನಡೆಸುವುದು ತಾರತಮ್ಯ ಅಂತ. ಎರಡರ ಸಾರಾಂಶವನ್ನೂ ಪ್ರಿಂಟ್ ತೆಗೆದು ಮೀಟಿಂಗ್‌ನಲ್ಲಿ ಕೊಟ್ಟೆ. ಈಗ ಗೈರುಹಾಜರಿಗೆ ಶೋಕಾಸ್ (ಕಾರಣ ಕೇಳುವ ನೋಟಿಸ್) ಕೊಡುವ ಮುಂಚೆ ಒಮ್ಮೆ ಕೂತು ಮಾತಾಡುವುದು ನಮ್ಮಲ್ಲಿ ಕಡ್ಡಾಯ.

ಪ್ರತಿ ಹೊಂದಾಣಿಕೆಗೂ ಒಂದು ಪುಟದ ಕಾಗದ ಮಾಡುತ್ತೇವೆ. ಏನು ಬದಲಾಯಿತು, ಯಾವಾಗಿನಿಂದ, ಯಾರಿಗೆ ಗೊತ್ತಿರಬೇಕು, ಮತ್ತೆ ಯಾವಾಗ ಕೂತು ನೋಡುವುದು. ಕಾಯಿಲೆ ಹೆಸರು ಬರೆಯುವ ಜಾಗವೇ ಅದರಲ್ಲಿಲ್ಲ. ಬಾಯಿಮಾತಿನಲ್ಲಿ ಬಿಟ್ಟರೆ ಸೂಪರ್‌ವೈಸರ್ ಬದಲಾದ ದಿನ ಎಲ್ಲ ಮೊದಲಿನ ಸ್ಥಿತಿಗೆ ಬರುತ್ತದೆ.

ಎಲ್ಲ ಕೇಳಿದ್ದೂ ಕೊಡಲಾಗುವುದಿಲ್ಲ. ಮೆಷಿನ್ ಆಪರೇಟರ್ ಮನೆಯಿಂದ ಕೆಲಸ ಮಾಡಲಾರರು. ಕಾನೂನು ಕೂಡ ವಿಪರೀತ ಹೊರೆಯಾಗುವುದನ್ನು ಕೊಡಲೇಬೇಕು ಅನ್ನುವುದಿಲ್ಲ. ಆದರೆ 'ಆಗಲ್ಲ' ಅನ್ನುವ ಮುಂಚೆ ಏನು ಆಗುತ್ತದೆ ಅಂತ ಒಟ್ಟಿಗೆ ಕೂತು ಹುಡುಕಬೇಕು. ಕೆಲಸವೇ ಮಾಡಲಾಗದ ಸ್ಥಿತಿ ಇದ್ದರೆ ರಜೆ ದಾರಿ ಇದೆ. ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಇರುವವರಿಗೆ ಕಾಯಿಲೆ ರಜೆಗೆ ವರ್ಷಕ್ಕೆ 91 ದಿನದವರೆಗೆ 70 ಶೇಕಡ ಕೂಲಿ ಸಿಗುತ್ತದೆ. ಕೆಲವು ತೀವ್ರ ಮಾನಸಿಕ ಕಾಯಿಲೆಗಳು ದೀರ್ಘಾವಧಿ ಕಾಯಿಲೆಗಳ ಪಟ್ಟಿಯಲ್ಲೂ ಇವೆ. ಇದು ಎಷ್ಟೋ ಕೆಲಸಗಾರರಿಗೆ ಗೊತ್ತೇ ಇಲ್ಲ, ರಾಜೀನಾಮೆ ಕೊಟ್ಟು ಊರಿಗೆ ಹೋಗಿಬಿಡುತ್ತಾರೆ.

ಸೂಪರ್‌ವೈಸರ್‌ಗಳಿಗೆ ಒಂದು ಮಾತು ಮಾತ್ರ ಪದೇ ಪದೇ ಹೇಳಬೇಕಾಯಿತು: 'ಮಾತ್ರೆ ತಗೊಂಡ್ಯಾ?' ಅಂತ ಯಾರನ್ನೂ ಕೇಳಬೇಡಿ. ಅದು ಡಾಕ್ಟರ್ ಕೆಲಸ, ಮನೆಯವರ ಕೆಲಸ. ನಾಲ್ಕು ಜನರ ಮುಂದೆ ಅದನ್ನು ಕೇಳಿಸಿಕೊಂಡವರು ಮತ್ತೆ ತಲೆ ಎತ್ತಿ ಕ್ಯಾಂಟೀನಿಗೆ ಬರುವುದಿಲ್ಲ. ಟೈಮ್ ಆಫೀಸ್ ಪಕ್ಕದ ಬೋರ್ಡಿನಲ್ಲಿ ಟೆಲಿ ಮಾನಸ್ ನಂಬರ್ 14416 ಹಾಕಿದ್ದೇವೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇನ್ನೂ ಬಗೆಹರಿಯದೆ ಉಳಿದಿರುವುದು ಕಂಟ್ರಾಕ್ಟ್ ಕೆಲಸಗಾರರ ವಿಷಯ. ಅವರಲ್ಲಿ ಯಾರಾದರೂ ಡಾಕ್ಟರ್ ಚೀಟಿ ತಂದರೆ ಮಾರನೇ ದಿನ ಅವರ ಜಾಗದಲ್ಲಿ ಬೇರೆಯವರು ನಿಂತಿರುತ್ತಾರೆ. ಈ ಸಲ ಒಪ್ಪಂದ ನವೀಕರಿಸುವಾಗ ಒಂದು ಷರತ್ತು ಸೇರಿಸಿದ್ದೇನೆ: ವೈದ್ಯರ ಸಲಹೆ ತಂದವರನ್ನು ನಮ್ಮ ಜೊತೆ ಕೂತು ಮಾತಾಡದೆ ಬದಲಿಸುವಂತಿಲ್ಲ. ಮ್ಯಾನೇಜ್‌ಮೆಂಟ್ ಒಪ್ಪಿದೆ. ಕಂಟ್ರಾಕ್ಟರ್ ಇನ್ನೂ ಸಹಿ ಹಾಕಿಲ್ಲ.